ಫೋಟೋದಾಗ ಬರದ ಬ್ಯಾನಿ

ಅಪ್ಪನ ಸರಣಿ, ಭಾಗ 6. ಈ ಸಲ ಉದ್ದ ಆಗ್ಯದ, ನಿಧಾನಕ್ಕೆ ಓದ್ರಿ. ಎಡಕ್ಕೆ ಸರಿಸ್ತಾ ಹೋದ್ರೆ ಎಂಟು ಫೋಟೋ ಇವೆ.

ಫೋಟೋ 1

ಇದು ನಮ್ಮಪ್ಪನ ತಲೆ. ಅರಕೇರಿಯ ನಮ್ಮ ಮನೆ ಪಡಸಾಲೆಯ ಕಿಟಕಿಗೆ ಎಂ.ಆರ್.ಐ. ಫಿಲ್ಮ್ ಹಿಡಿದು ತೆಗೆದದ್ದು, ಅದಕ್ಕೇ ಮೆದುಳಿನ ಹಿಂದೆ ಬೇವಿನ ಟೊಂಗೆ ಕಾಣ್ತದೆ. ಹಾಳೆ ತುಂಬ ಸಣ್ಣ ಸಣ್ಣ ಚೌಕ, ಒಂದೊಂದರಲ್ಲೂ ಅಡ್ಡ ಕೊಯ್ದ ಅಕ್ರೋಟಿನಂಥ ಚಿತ್ರ. ಜೊತೆಗಿದ್ದ ವರದಿಯ ಕೊನೆಯ ಸಾಲಿನ ಅರ್ಥ ಇಷ್ಟೇ: ವಯಸ್ಸಿಗೆ ತಕ್ಕ ಬದಲಾವಣೆ ಬಿಟ್ಟರೆ ಬೇರೇನೂ ಇಲ್ಲ. ನಾರ್ಮಲ್.

ನಾವು ವಿಜಯಪುರದಿಂದ ಬಸ್ಸಿನಲ್ಲಿ ಊರು ಮುಟ್ಟೋದರೊಳಗೆ ಆ ಶಬ್ದ ಫೋನಿನಲ್ಲಿ ಊರು ಮುಟ್ಟಿತ್ತು. ಕಾಕಾ ಕಟ್ಟೆ ಮೇಲೆ ಕೂತಿದ್ದ. “ನೋಡವ್ವಾ, ಅಷ್ಟ ರೊಕ್ಕಾ ಕೊಟ್ಟು ತಲಿ ಫೋಟೋ ತಗಸೀರಿ. ಒಳಗ ಏನೂ ಇಲ್ಲ ಅಂದ ಮ್ಯಾಲ ಮತ್ತೇನ? ಹೊಲಕ್ಕ ಬರಾಕ ಬ್ಯಾಸರ, ಅಷ್ಟ.”

ಕಾಕಾ ಕೆಟ್ಟವನಲ್ಲ. ಎರಡು ವರ್ಷದಿಂದ ದ್ರಾಕ್ಷಿ ಪಡದ ಕೆಲಸ ಮುಕ್ಕಾಲು ಪಾಲು ಅವನ ಮೈಮೇಲೇ ಬಿದ್ದಿದೆ. ಚಾಟ್ನಿಗೆ ಆಳು ಹುಡುಕೋದು ಅವನು, ಎಣ್ಣೆ ಹೊಡಿಸೋದು ಅವನು, ಒಣದ್ರಾಕ್ಷಿ ಶೆಡ್ಡಿನಲ್ಲಿ ರಾತ್ರಿ ಮಲಗೋದು ಅವನು. ರೊಕ್ಕ ಬಂದಾಗ ಮಾತ್ರ ಎರಡು ಸಮ ಪಾಲು. ಅವತ್ತು ಮೊದಲ ಸಲ ಬಾಯಿಬಿಟ್ಟು ಅಂದ: “ದುಡಿಯೋ ಕೈ ಒಂದ, ಪಾಲು ಎರಡು. ಇದು ಎಷ್ಟ ದಿನ?”

ಅಪ್ಪ ಏನೂ ಅನ್ನಲಿಲ್ಲ. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಕರೆದು ಸಣ್ಣ ದನಿಯಲ್ಲಿ ಕೇಳಿದ: “ಯವ್ವಾ, ಮಷೀನ ಸುಳ್ಳ ಹೇಳಂಗಿಲ್ಲಲ್ಲ? ಹಂಗಾರ ನನಗ ಖರೇನ ಏನೂ ಆಗಿಲ್ಲೇನ?”

ಇವತ್ತಿನ ಭಾಗ ಈ ಪ್ರಶ್ನೆಗೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಕೈ ನಡುಗ್ತಿದ್ರೆ, ತಲೆಯ ಚಿತ್ರ ನಾರ್ಮಲ್ ಬಂದಿದ್ರೆ, ಇದು ನಿಮಗೇ ಬರೆದದ್ದು ಅಂತ ತಿಳೀರಿ.

ಫೋಟೋ 2

ಇದು ನಮ್ಮ ಎರಿ ಹೊಲ, ಮಳೆ ಬಿದ್ದ ಮರುದಿನದ ಫೋಟೋ. ಎರಿ ಅಂದ್ರೆ ಏನು ಅಂತ ವಿಜಯಪುರ ಜಿಲ್ಲೆಯವರಿಗೆ ಹೇಳೋದು ಬೇಡ. ಒಂದು ಮಳೆ ಹಿಡಿದಿಟ್ಟು ಹಿಂಗಾರಿ ಬಿಳಿಜೋಳ ಬೆಳೆಸುವ ಕಪ್ಪು ಮಣ್ಣು.

ನಮ್ಮ ಮೆದುಳಿನ ಬುಡದಲ್ಲೂ ಒಂದು ಚೂರು ಎರಿ ಇದೆ. ವೈದ್ಯರು ಅದನ್ನು ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಅಂತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ‘ಕಪ್ಪು ವಸ್ತು’. ಬರಿಗಣ್ಣಿಗೂ ಕಪ್ಪಾಗೇ ಕಾಣ್ತದೆ, ಕಾರಣ ಅಲ್ಲಿನ ಜೀವಕೋಶಗಳಲ್ಲಿ ತುಂಬಿರುವ ನ್ಯೂರೋಮೆಲನಿನ್ ಎಂಬ ಬಣ್ಣ. ಈ ಕೋಶಗಳು ಡೋಪಮೈನ್ ತಯಾರಿಸಿ ಮೆದುಳಿನ ಇನ್ನೊಂದು ಭಾಗಕ್ಕೆ ಕಳಿಸ್ತವೆ. ಕೈಕಾಲು ಸಲೀಸಾಗಿ ಆಡೋದಕ್ಕೆ ಅದು ಬೇಕೇ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದೇ ಸಾಯ್ತವೆ, ಎರಿ ಸವೆದು ಮಡ್ಡಿ ಆದಂಗ. ಕೈ ನಡುಗೋದು ಕಣ್ಣಿಗೆ ಬೀಳೋ ಹೊತ್ತಿಗೆ ಡೋಪಮೈನ್ ಸಾಗಿಸುವ ನರತುದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಹೋಗಿರ್ತವೆ.

ಹಂಗಾದ್ರೆ ಎಂ.ಆರ್.ಐ.ಗೆ ಅದು ಯಾಕೆ ಕಾಣಲಿಲ್ಲ? ಎಲ್ಲ ಕಡೆ ಮಾಡುವ ಮಾಮೂಲಿ ಎಂ.ಆರ್.ಐ. ನೋಡೋದು ಮೆದುಳಿನ ಆಕಾರ: ಗಡ್ಡೆ ಇದೆಯೇ, ರಕ್ತನಾಳ ಕಟ್ಟಿದೆಯೇ, ನೀರು ತುಂಬಿದೆಯೇ. ಗೋಧಿ ಕಾಳಿನಷ್ಟು ತೆಳುವಾದ ಪಟ್ಟಿಯಲ್ಲಿ ಕೋಶಗಳು ಸತ್ತದ್ದು ಅದರ ಕಣ್ಣಿಗೆ ಸಾಮಾನ್ಯವಾಗಿ ಬೀಳೋದಿಲ್ಲ. ಅದಕ್ಕೇ ಪಾರ್ಕಿನ್ಸನ್ ಇದ್ದವರಲ್ಲಿ ಹೆಚ್ಚಿನವರ ಮಾಮೂಲಿ ಎಂ.ಆರ್.ಐ. ನಾರ್ಮಲ್ಲೇ ಬರ್ತದೆ. ಹಂಗಂತ ಅದನ್ನು ಮಾಡಿಸೋದು ದಂಡ ಅಲ್ಲ. ನಡುಗೋದು ಬೇರೆ ಕಾರಣಕ್ಕೂ ಇರಬಹುದು, ಅವು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋದಕ್ಕೆ ಬೇಕು. ಅಪ್ಪನ ವರದಿ ಹೇಳಿದ್ದೂ ಅಷ್ಟೇ: ಗಡ್ಡೆ ಇಲ್ಲ, ಲಕ್ವಾ ಹೊಡೆದಿಲ್ಲ. ಮಷೀನು ಸುಳ್ಳು ಹೇಳಿಲ್ಲ, ಆ ಪ್ರಶ್ನೆಯನ್ನ ಅದಕ್ಕೆ ಯಾರೂ ಕೇಳಿರಲಿಲ್ಲ.

ಕೇಳೋ ಮಷೀನುಗಳೂ ಇವೆ. 1983ರಲ್ಲಿ ಕೆನಡಾದ ಹ್ಯಾಮಿಲ್ಟನ್ ಊರಿನ ವಿಜ್ಞಾನಿಗಳು ವಿಕಿರಣ ಸೂಸುವ ಡೋಪಾ ಕೊಟ್ಟು, ಜೀವಂತ ಮನುಷ್ಯನ ಮೆದುಳಿನಲ್ಲಿ ಡೋಪಮೈನ್ ಎಲ್ಲಿದೆ ಅಂತ ಪೆಟ್ ಸ್ಕ್ಯಾನಿನಲ್ಲಿ ಮೊದಲ ಸಲ ತೋರಿಸಿದರು. ಆಮೇಲೆ ಡೋಪಮೈನ್ ಸಾಗಣೆಯನ್ನೇ ತೋರಿಸುವ ಸ್ಪೆಕ್ಟ್ ಸ್ಕ್ಯಾನ್ ಬಂತು. ನಮ್ಮ ದೇಶದಲ್ಲಿ ‘ಟ್ರೋಡಾಟ್’ ಅಂತ ಕೇಳಿರ್ತೀರಿ, ಅದೇ. ಆರೋಗ್ಯವಂತರಲ್ಲಿ ಎರಡು ಅಲ್ಪವಿರಾಮ ಎದುರುಬದುರು ಬರೆದಂಗ ಕಾಣ್ತದೆ. ಪಾರ್ಕಿನ್ಸನ್‌ನಲ್ಲಿ ಬಾಲ ಅಳಿಸಿ ಬರೀ ಎರಡು ಚುಕ್ಕೆ ಉಳೀತವೆ. 2006ರಲ್ಲಿ ಜಪಾನಿನವರು ಶಕ್ತಿಶಾಲಿ ಎಂ.ಆರ್.ಐ.ಯಲ್ಲೇ ಆ ಕಪ್ಪು ಬಣ್ಣವನ್ನು ಹಿಡಿದು ತೋರಿಸಿದರು. ಮಜಾ ಅಂದ್ರೆ, ಕಣ್ಣಿಗೆ ಕಪ್ಪು ಕಾಣೋ ಆ ಭಾಗ ಚಿತ್ರದಲ್ಲಿ ಬೆಳ್ಳಗೆ ಹೊಳೀತದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 1998ರಲ್ಲಿ ಒಂದು ಕೆಲಸ ಪ್ರಕಟಿಸಿದ್ದರು. ಪಾರ್ಕಿನ್ಸನ್ ಇಲ್ಲದೇ ತೀರಿಕೊಂಡ ಭಾರತೀಯರ ಮೆದುಳುಗಳಲ್ಲಿ ಈ ಕಪ್ಪು ಕೋಶಗಳನ್ನು ಎಣಿಸಿ, ಬ್ರಿಟನ್ನಿನ ಮೆದುಳುಗಳ ಜೊತೆ ಹೋಲಿಸಿದರು. ನಮ್ಮವರಲ್ಲಿ ಸುಮಾರು 40% ಕಡಿಮೆ. ಆದರೂ ಅವರಿಗೆ ಬ್ಯಾನಿ ಇರಲಿಲ್ಲ. ವಯಸ್ಸಾದಂತೆ ಕೋಶಗಳು ಕಡಿಮೆ ಆದದ್ದೂ ಕಾಣಲಿಲ್ಲ. ಎಣಿಕೆಯೊಂದೇ ನೋಡಿ ಒಬ್ಬ ಮನುಷ್ಯ ಹೆಂಗಿದ್ದಾನೆ ಅಂತ ಹೇಳೋದಕ್ಕೆ ಆಗೋದಿಲ್ಲ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಕ್ಕಿಲ್ಲ.

ಫೋಟೋ 3

ಗೂಟಕ್ಕೆ ತೂಗುಹಾಕಿರೋದು ಕವಣಿ. ಜೋಳ ಹಾಲುಗಾಳಾದಾಗ ಹಕ್ಕಿ ಓಡಿಸೋದಕ್ಕೆ ಅಟ್ಟದ ಮೇಲೆ ನಿಂತು ಕಲ್ಲು ಬೀಸ್ತಾರಲ್ಲ, ಅದು. ಈಗ ಯಾರೂ ಬೀಸೋದಿಲ್ಲ. ಅಪ್ಪ ಮಾತ್ರ ಬೀಸ್ತಾನೆ, ನಿದ್ದೆಯಲ್ಲಿ.

ಹತ್ತು ವರ್ಷ ಆಯ್ತು. ನಡುಗೋದು ಶುರುವಾಗಿ ಎರಡೇ ವರ್ಷ. ಬೆಳಗಿನ ಜಾವ ಒಮ್ಮೆಲೇ “ಹೋಯ್! ಹೋಯ್!” ಅಂತ ಕೂಗಿ ಬಲಗೈ ತಲೆ ಮೇಲೆ ಗರಗರ ತಿರುಗಿಸಿ ಬಿಡ್ತಿದ್ದ. ಒಮ್ಮೆ ಅವ್ವನ ಹುಬ್ಬು ಒಡೆದಿತ್ತು. ಅವ್ವ ಕೌದಿ ತಗೊಂಡು ಅಡುಗೆಮನೆ ಬಾಗಿಲಲ್ಲಿ ಮಲಗೋಕೆ ಶುರು ಮಾಡಿದ್ಳು. ಊರಲ್ಲಿ ಒಬ್ಬರು ಗಾಳಿ ಬಡಿದಿದೆ ಅಂದ್ರು, ಇನ್ನೊಬ್ಬರು ಅಂತ್ರ ಕಟ್ಟಿಸಿದರು. ಅಂತ್ರ ಈಗಲೂ ತೋಳಲ್ಲಿದೆ, ಇರಲಿ.

ಕನಸು ಕಾಣೋ ನಿದ್ದೆಯಲ್ಲಿ ನಮ್ಮ ಮೈಯನ್ನು ಮೆದುಳಿನ ಕಾಂಡ ಕಟ್ಟಿಹಾಕಿರ್ತದೆ. ಕನಸಿನಲ್ಲಿ ಓಡಿದರೂ ಕಾಲು ಹಾಸಿಗೆಯಲ್ಲೇ ಇರ್ತವೆ. ಆ ಕಟ್ಟು ಸಡಿಲಾದವರು ಕನಸನ್ನು ಮೈಯಿಂದ ಆಡಿಬಿಡ್ತಾರೆ. 1986ರಲ್ಲಿ ಅಮೆರಿಕದ ಮಿನೆಸೋಟಾದ ವೈದ್ಯರು ಇದಕ್ಕೊಂದು ಹೆಸರು ಕೊಟ್ಟು ವಿವರಿಸಿದರು. ಬೇರೆ ಬೇರೆ ದೇಶಗಳ 24 ನಿದ್ರಾ ಕೇಂದ್ರಗಳು ಇಂಥ 1,280 ಜನರನ್ನು ಹಿಂಬಾಲಿಸಿ 2019ರಲ್ಲಿ ಹೇಳಿದ ಲೆಕ್ಕದ ಪ್ರಕಾರ, 12 ವರ್ಷದಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಪಾರ್ಕಿನ್ಸನ್ ಅಥವಾ ಅದರ ಬಳಗದ ಒಂದು ಕಾಯಿಲೆ ಬರ್ತದೆ. ನಿದ್ದೆಯಲ್ಲಿ ಬಡಬಡಿಸುವವರೆಲ್ಲ ಹೆದರಬೇಕಿಲ್ಲ, ಅದಕ್ಕೆ ನೂರು ಕಾರಣ. ಆದರೆ ಕೈಕಾಲು ಬೀಸೋದು ದಿನಾ ಆಗ್ತಿದ್ರೆ ವೈದ್ಯರಿಗೆ ಹೇಳೋ ಮಾತು ಅದು. ಅವ್ವನ ಹುಬ್ಬಿನ ಗಾಯ ಯಾವ ಸ್ಕ್ಯಾನಿಗಿಂತ ಎಂಟು ವರ್ಷ ಮುಂಚೆ ಬಂದ ವರದಿ ಆಗಿತ್ತು.

ಫೋಟೋ 4

ಎಣ್ಣೆ ಡಬ್ಬಿ. ಇದರ ಕಥೆ ಸಣ್ಣದು, ಆದರೆ ಇದಕ್ಕೆ ಆಮೇಲೆ ಕೆಲಸ ಇದೆ, ನೆನಪಿಡ್ರಿ.

ಗಾಣದ ಶೇಂಗಾ ಎಣ್ಣೆ ಕಮಟು ಹಿಡಿದದ್ದು ಬಾಗಿಲಲ್ಲೇ ಗೊತ್ತಾಗ್ತದೆ. ಐದಾರು ವರ್ಷದ ಹಿಂದೆ ಅಪ್ಪ ಇಂಥ ಡಬ್ಬಿಯೊಂದನ್ನು ಮೂಗಿಗೆ ಹಿಡಿದು, “ಚಲೋ ಅದ” ಅಂತ ತಂದಿಟ್ಟ. ಹಾಲು ಉಕ್ಕಿ ಸೀದು ಮನೆ ತುಂಬ ಹೊಗೆ ಆದ್ರೂ ಪಡಸಾಲೆಯಲ್ಲಿ ಕೂತವನಿಗೆ ವಾಸನೆ ಇಲ್ಲ. ಮೊದಲ ಮಳೆಗೆ ಮಣ್ಣಿನ ವಾಸನೆ ಬರಲಿಲ್ಲ ಅಂತ ಒಮ್ಮೆ ಅಂದಿದ್ದ. ಮಳೆ ಕಡಿಮೆ ಆಗಿದೆ ಅಂತ ಅವನೇ ಕಾರಣವನ್ನೂ ಹೇಳಿದ್ದ.

ಪಾರ್ಕಿನ್ಸನ್ ಬಂದವರಲ್ಲಿ ಬಹುತೇಕರಿಗೆ ಮೂಗು ಮಂದ ಆಗಿರ್ತದೆ, ಹಲವರಿಗೆ ನಡುಗೋದಕ್ಕಿಂತ ವರ್ಷಗಟ್ಟಲೆ ಮೊದಲೇ. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ ವಾದ ಇದು: ಕೆಟ್ಟ ಪ್ರೋಟೀನಿನ ಮುದ್ದೆಗಳು ಹಲವರಲ್ಲಿ ಮೊದಲು ಕಾಣಿಸಿಕೊಳ್ಳೋದು ಮೂಗಿನ ನರದ ಗಡ್ಡೆಯಲ್ಲಿ ಮತ್ತು ಹೊಟ್ಟೆಯ ನರ ಹೊರಡುವ ಜಾಗದಲ್ಲಿ, ಕಪ್ಪು ಮಣ್ಣಿಗೆ ಅವು ಬರೋದು ಆಮೇಲೆ. ಎಲ್ಲರಿಗೂ ಇದೇ ಕ್ರಮ ಅಂತ ಒಪ್ಪದ ವಿಜ್ಞಾನಿಗಳಿದ್ದಾರೆ. ಆದರೆ ವಾಸನೆ, ಮಲಬದ್ಧತೆ, ನಿದ್ದೆ, ಈ ಮೂರೂ ನಮ್ಮ ಮನೆಯಲ್ಲಿ ಮುಂಚೆ ಬಂದಿದ್ದವು. ಅಪ್ಪ ಮೂರು ದಿನಕ್ಕೊಮ್ಮೆ ಬಯಲಿಗೆ ಹೋಗೋದನ್ನು ಯಾರೂ ಬ್ಯಾನಿ ಅಂತ ಎಣಿಸಿರಲಿಲ್ಲ. ಎಣಿಸ್ತಾರಾ ಯಾರಾದರೂ?

ಫೋಟೋ 5

ಅಮೋಘಸಿದ್ಧನ ಗುಡಿ, ಜಾತ್ರೆ ದಿನ. ಡೊಳ್ಳಿನ ಮೇಳದಲ್ಲಿ ಬಲಗಡೆ ಖಾಲಿ ಕಾಣುವ ಜಾಗ ಅಪ್ಪನದು.

ಇಲ್ಲಿ ಸ್ವಲ್ಪ ನಿಲ್ತೀನಿ.

ಮೂವತ್ತು ವರ್ಷ ಡೊಳ್ಳು ಕಟ್ಟಿದ ಮನುಷ್ಯ ಆ ವರ್ಷ ಹೋಗಲಿಲ್ಲ. ಕೈ ನಡುಗ್ತದೆ ಅಂತ ಅಲ್ಲ, ಆಗ ಇನ್ನೂ ಎಡಗೈ ಒಂದು ಬೆರಳಷ್ಟೇ ನಡುಗ್ತಿತ್ತು. ಕರೆಯೋಕೆ ಬಂದವರಿಗೆ “ಒಲ್ಲೆ” ಅಂದ. ಸಿಟ್ಟಿಲ್ಲ, ದುಃಖ ಇಲ್ಲ, ನೆಪ ಇಲ್ಲ. ಒಲ್ಲೆ, ಅಷ್ಟೇ. ಆಮೇಲೆ ಪಡಕ್ಕೆ ಹೋಗೋದು ಬಿಟ್ಟ. ಬೆಳಿಗ್ಗೆ ಕಟ್ಟೆ ಮೇಲೆ ಕೂತರೆ ಬಿಸಿಲು ಬಂದರೂ ಸರಿಯೋದಿಲ್ಲ. ಮುಖ ಕಲ್ಲಿನಂಗ ಇರೋದರಿಂದ ನೋಡಿದವರು ಸೊಕ್ಕು ಅಂದ್ರು. ಕಾಕಾ ಬ್ಯಾಸರ ಅಂದ.

ಇದಕ್ಕೆ ವೈದ್ಯರು ‘ಅಪತಿ’ ಅಂತಾರೆ. ಕನ್ನಡದಲ್ಲಿ ನಿರಾಸಕ್ತಿ ಅನ್ನಬಹುದು, ಆದರೆ ಅದು ಇಷ್ಟ ಇಲ್ಲ ಅಂದಂಗ ಕೇಳ್ತದೆ. ನಮ್ಮ ಕಡೆ ‘ಮನಸ್ ಏಳವಲ್ದು’ ಅಂತಾರಲ್ಲ, ಅದು ಹತ್ತಿರದ ಮಾತು. ಎತ್ತು ಕುಂತಿದೆ, ಕಾಲು ಗಟ್ಟಿ ಇವೆ, ಏಳೋದಿಲ್ಲ. ಖಿನ್ನತೆ ಬೇರೆ, ಇದು ಬೇರೆ; ಒಬ್ಬರಲ್ಲೇ ಎರಡೂ ಇರೋದೂ ಉಂಟು.

ಈಗ ಕಾಕಾ ಕೇಳಿದ ಫೋಟೋ. 2005ರಲ್ಲಿ ಲಂಡನ್ನಿನ ತಂಡವೊಂದು ಖಿನ್ನತೆ ಇರುವ ಮತ್ತು ಇಲ್ಲದ ಪಾರ್ಕಿನ್ಸನ್ ರೋಗಿಗಳ ಮೆದುಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಿತು. ಚಿಕ್ಕ ಅಧ್ಯಯನ, ಕೆಲವೇ ಜನ. ಖಿನ್ನತೆ ಇದ್ದವರಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳಲ್ಲಿ ಡೋಪಮೈನ್, ನಾರಡ್ರಿನಲಿನ್ ಎರಡರ ನರತುದಿಗಳೂ ಕಡಿಮೆ ಇದ್ದವು. ಇನ್ನೊಂದು ಸಂಗತಿ: ಹುಮ್ಮಸ್ಸಿಗೆ ಬೇಕಾದ, ಮೆದುಳಿನ ನಡುವಿನ ಒಂದು ಸಣ್ಣ ಭಾಗದಲ್ಲಿ ಆ ನರತುದಿಗಳು ಎಷ್ಟು ಕಡಿಮೆಯೋ, ‘ಮನಸ್ ಏಳವಲ್ದು’ ಅನ್ನೋದು ಅಷ್ಟು ಜಾಸ್ತಿ.

ಓದಿದ ದಿನ ನಾನು ಅದನ್ನು ಕಾಕಾನಿಗೆ ಹೇಳಿದೆ. ಕಾಕಾ ತಂಬಾಕು ತಿಕ್ಕುತ್ತಾ ಕೇಳಿದ. “ಅಂದ್ರ ಆಲಸಿತನಾನೂ ಫೋಟೋದಾಗ ಬರ್ತದ ಅನ್ನು.” ಆಲಸಿತನ ಅಲ್ಲ ಕಾಕಾ ಅಂದೆ. “ಹಂಗಾದ್ರ ಆ ಫೋಟೋ ತಗಸ್ರಿ. ಬಂತಂದ್ರ ನಾ ಬಾಯಿ ಮುಚ್ಕೋತೀನಿ.”

ಫೋಟೋ 6

ಫೋಟೋ ತೆಗೆಸೋದಕ್ಕೆ ಹೋಗಿದ್ವಿ. ಇದು ಬೆಂಗಳೂರು ಗಾಡಿಯ ಕಿಟಕಿ, ಹೊರಗೆ ಏನೂ ಇಲ್ಲ, ಕತ್ತಲು.

ನರರೋಗ ತಜ್ಞರು ಅಪ್ಪನ ಬೆರಳು ಬಡಿಸಿದರು, ಮಣಿಕಟ್ಟು ತಿರುಗಿಸಿ ನೋಡಿದರು, ಎದ್ದು ನಡೆಸಿದರು, ಹಿಂದಿನಿಂದ ಭುಜ ಜಗ್ಗಿದರು. ಎಡಗೈ ಬೀಸೋದಿಲ್ಲ ಅನ್ನೋದನ್ನು ನಮಗೆ ತೋರಿಸಿದರು. ಆಮೇಲೆ ಟ್ರೋಡಾಟ್ ಬೇಡ ಅಂದರು. “ಚಿತ್ರ ಯಾರಿಗೆ ಬೇಕು? ನನಗೆ ಬೇಡ, ನಿಮ್ಮಪ್ಪನ ಔಷಧಿಗೂ ಬೇಡ.”

ಯಾವಾಗ ಬೇಕು ಅಂತ ಅವರೇ ಬಿಡಿಸಿ ಹೇಳಿದರು, ನಿಮಗೂ ಉಪಯೋಗ ಆಗಬಹುದು. ವಂಶದಲ್ಲಿ ಬರುವ ಬರೀ ಕೈನಡುಕವೋ ಪಾರ್ಕಿನ್ಸನ್ನೋ ಅಂತ ಪರೀಕ್ಷೆಯಲ್ಲಿ ತಿಳಿಯದಿದ್ದಾಗ ಆ ಸ್ಕ್ಯಾನ್ ಸಹಾಯ ಮಾಡ್ತದೆ. ಗುಳಿಗೆಯಿಂದ ಬಂದ ನಡುಕ ಇರಬಹುದು ಅನ್ನೋ ಅನುಮಾನ ಇದ್ದಾಗಲೂ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಥೇಟ್ ಪಾರ್ಕಿನ್ಸನ್‌ನಂಗ ಮಾಡಬಲ್ಲವು. ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗುವವರು ನಮ್ಮ ಕಡೆ ಸಾಕಷ್ಟು ಜನ, ನಿಮ್ಮ ಮನೆಯ ಗುಳಿಗೆ ಡಬ್ಬಿಯನ್ನೂ ವೈದ್ಯರಿಗೆ ತೋರಿಸ್ರಿ. ಅಂಥವರಲ್ಲಿ ಈ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಬರ್ತದೆ. ಆದರೆ ಪಾರ್ಕಿನ್ಸನ್ನೋ ಅದರ ದಾಯಾದಿ ಕಾಯಿಲೆಗಳೋ ಅಂತ ಬೇರೆ ಮಾಡೋದಕ್ಕೆ ಈ ಸ್ಕ್ಯಾನಿಗೆ ಆಗೋದಿಲ್ಲ, ಎಲ್ಲದರಲ್ಲೂ ಬಾಲ ಅಳಿಸಿರ್ತದೆ.

ಆ ಲಂಡನ್ ಪೆಟ್ ಬಗ್ಗೆಯೂ ಕೇಳಿದೆ. ನಕ್ಕರು. ಹತ್ತಾರು ಜನರ ಸರಾಸರಿಯಲ್ಲಿ ಕಂಡದ್ದನ್ನು ಒಬ್ಬ ಮನುಷ್ಯನ ಚಿತ್ರದಲ್ಲಿ ಬೆರಳಿಟ್ಟು ತೋರಿಸೋಕೆ ಬರೋದಿಲ್ಲ ಅಂದರು. ಅದು ಸಂಶೋಧನೆಗೆ, ಜಗಳ ಬಿಡಿಸೋದಕ್ಕಲ್ಲ.

ಲೆವೊಡೋಪಾ ಗುಳಿಗೆ ಶುರುವಾಯ್ತು. ಕೆಲವೇ ವಾರಗಳಲ್ಲಿ ಅಂಗಿ ಗುಂಡಿ ತಾನೇ ಹಾಕಿಕೊಂಡ. ಗುಳಿಗೆಗೆ ಹಿಂಗೆ ಮೈ ಒಗ್ಗೋದೂ ಒಂದು ಸಾಕ್ಷಿಯೇ. ಆದರೆ ಮನಸ್ಸು ಏಳಲಿಲ್ಲ, ಮೂಗು ಬರಲಿಲ್ಲ, ಕವಣಿ ನಿಲ್ಲಲಿಲ್ಲ.

ಒಂದು ಅಡ್ಡಮಾತು. ಬರುವಾಗ ಅಪ್ಪ ಕೇಳಿದ್ದು: “ಪಡಕ್ಕ ಎಣ್ಣಿ ಹೊಡದದ್ದಕ್ಕ ಬಂತೇನ?” ಒಬ್ಬ ಮನುಷ್ಯನ ಬಗ್ಗೆ ಹಂಗೆ ಹೇಳೋಕೆ ಬರೋದಿಲ್ಲ. ಆದರೆ ಫ್ರಾನ್ಸ್ ದೇಶ 2012ರಲ್ಲೇ ಕೀಟನಾಶಕದ ನಡುವೆ ದುಡಿದ ರೈತರಿಗೆ ಪಾರ್ಕಿನ್ಸನ್ ಬಂದರೆ ಅದನ್ನು ಕಸುಬಿನ ರೋಗ ಅಂತ ಒಪ್ಪಿಕೊಂಡಿತು. 2017ರಲ್ಲಿ ಅಲ್ಲಿನ ಸಂಶೋಧಕರು ದ್ರಾಕ್ಷಿ ಪಡ ಹೆಚ್ಚಿರುವ ಪ್ರದೇಶಗಳಲ್ಲಿ ಈ ರೋಗ ಹೆಚ್ಚು ಅಂತ ತೋರಿಸಿದರು. ಟಿಕೋಟಾ, ಬಬಲೇಶ್ವರ ಕಡೆಯವರು ಓದ್ತಿದ್ದರೆ, ಎಣ್ಣೆ ಹೊಡೆಯುವಾಗ ಬಾಯಿಗೆ ಟವೆಲ್ ಸುತ್ತೋದು ಸಾಲದು ಅಂತ ಮಾತ್ರ ಹೇಳ್ತೀನಿ.

ಫೋಟೋ 7

ಸಂಜೆ ಹೊತ್ತಿನ ಹಿತ್ತಲು. ಗೋದಲಿ ಖಾಲಿ. ಅಪ್ಪನಿಗೆ ಮಾತ್ರ ಖಾಲಿ ಇಲ್ಲ.

“ಅಲ್ಲೊಂದ ಎತ್ತು ನಿಂತದ” ಅಂತ ಒಂದು ಸಂಜೆ ಅಂದ, ಹೆದರಿಕೆ ಇಲ್ಲದೇ. ನಮ್ಮ ಎತ್ತುಗಳನ್ನು ಮಾರಿ ಹನ್ನೆರಡು ವರ್ಷ ಆಗಿದೆ. ಅಪ್ಪ ಅದನ್ನು ತಿಂಗಳುಗಟ್ಟಲೆ ನೋಡ್ತಿದ್ದನಂತೆ, ಹುಚ್ಚ ಅಂತೀರಿ ಅಂತ ಹೇಳಿರಲಿಲ್ಲ. ಹೀಗೆ ಇಲ್ಲದ್ದು ಕಾಣೋದು ಪಾರ್ಕಿನ್ಸನ್‌ನಲ್ಲಿ ಅಪರೂಪ ಅಲ್ಲ. ರೋಗದಿಂದಲೂ ಬರ್ತದೆ, ಗುಳಿಗೆಯ ಪ್ರಮಾಣದಿಂದಲೂ ಬರ್ತದೆ. ನಿಮ್ಹಾನ್ಸ್‌ನಲ್ಲಿ ಡಾ. ಪ್ರಮೋದ್ ಕುಮಾರ್ ಪಾಲ್ ಅವರ ತಂಡ ಇಂಥವರ ಎಂ.ಆರ್.ಐ. ಅಳತೆ ಮಾಡಿ, ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ಪದರಗಳು ಅವರಲ್ಲಿ ಸೊರಗಿರೋದನ್ನು ತೋರಿಸಿದೆ. ಅದೂ ಕಂಪ್ಯೂಟರಿನಲ್ಲಿ ಅಳೆದರೆ ಗೊತ್ತಾಗುವಂಥದ್ದು, ಫಿಲ್ಮನ್ನು ಕಿಟಕಿಗೆ ಹಿಡಿದರೆ ಕಾಣೋದಿಲ್ಲ.

ಅಪ್ಪನ ಗುಳಿಗೆ ಹೊತ್ತು ಬದಲಿಸಿದ ಮೇಲೆ ಎತ್ತು ಬರೋದು ಕಡಿಮೆ ಆಗಿದೆ. ಪೂರಾ ಹೋಗಿಲ್ಲ. ಒಮ್ಮೊಮ್ಮೆ ಬರದಿದ್ದರೆ ಅಪ್ಪನೇ ಹಿತ್ತಲ ಬಾಗಿಲಲ್ಲಿ ನಿಂತು ನೋಡ್ತಾನೆ.

ಫೋಟೋ 8

ಈ ಹಾಳೆ ನೋಡ್ರಿ, ಎಣ್ಣೆ ಕಲೆ ಬಿದ್ದದ್ದು. ನನ್ನ ಅಕ್ಷರ.

ಪಾರ್ಕಿನ್ಸನ್ ಬ್ಯಾನಿಗೆ ಹೆಸರು ಬಂದದ್ದು 1817ರಲ್ಲಿ ‘ನಡುಗುವ ಲಕ್ವಾ’ ಬಗ್ಗೆ ಪುಸ್ತಿಕೆ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್‌ರಿಂದ. ಆರು ಜನರ ಬಗ್ಗೆ ಬರೆದರು, ಅದರಲ್ಲಿ ಕೆಲವರನ್ನು ಬೀದಿಯಲ್ಲೇ ಕಂಡದ್ದು. ನಿದ್ದೆ ಕೆಡೋದು, ಹೊಟ್ಟೆ ಕಟ್ಟೋದು ಅವರ ಕಣ್ಣಿಗೂ ಬಿದ್ದಿತ್ತು. ಆದರೂ ಇಂದ್ರಿಯಗಳಿಗೆ, ಬುದ್ಧಿಗೆ ಏನೂ ಆಗೋದಿಲ್ಲ ಅಂತ ಬರೆದುಬಿಟ್ಟರು. ಬೀದಿಯಿಂದ ನೋಡಿದರೆ ಕಾಣೋದು ನಡುಕವೇ. ಬಹಳ ಕಾಲ ಎಲ್ಲರೂ ನಡುಕವನ್ನೇ ನೋಡಿದರು.

2006ರಲ್ಲಿ ಲಂಡನ್ನಿನ ಕೆ. ರೇ ಚೌಧುರಿ ಮತ್ತು ಬೇರೆ ದೇಶಗಳ ವೈದ್ಯರು ಸೇರಿ 30 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಒಂದೂ ನಡುಕದ ಬಗ್ಗೆ ಇಲ್ಲ. ಹೌದು, ಇಲ್ಲ, ಅಷ್ಟೇ ಉತ್ತರ. 2010ರಲ್ಲಿ ಅದೇ ಪಟ್ಟಿ ಹಿಡಿದು 242 ರೋಗಿಗಳನ್ನು ಕೇಳಿದಾಗ, ಒಂದೊಂದು ತೊಂದರೆಯನ್ನೂ ಅದು ಇದ್ದವರಲ್ಲಿ ಮೂರರಲ್ಲೊಬ್ಬರಿಂದ ಹಿಡಿದು ಮೂರರಲ್ಲಿಬ್ಬರವರೆಗೆ ಅದುವರೆಗೆ ತಮ್ಮ ವೈದ್ಯರಿಗೆ ಹೇಳೇ ಇರಲಿಲ್ಲ. ನಾಚಿಕೆಯಿಂದ ಬಿಟ್ಟವರಿದ್ದರು, ಇದಕ್ಕೂ ಪಾರ್ಕಿನ್ಸನ್‌ಗೂ ಸಂಬಂಧ ಇದೆ ಅಂತ ಗೊತ್ತಿಲ್ಲದೇ ಬಿಟ್ಟವರೂ ಇದ್ದರು.

ಆ ಪಟ್ಟಿಯನ್ನು ನಾನು ಅರಕೇರಿ ಮಾತಿನಲ್ಲಿ ಬರೆದುಕೊಂಡೆ. “ಜೊಲ್ಲು ಸೋರ್ತದೇನು?” ಮೊದಲನೇದು. “ವಾಸನಿ, ರುಚಿ ತಿಳಿಯವಲ್ದೇನು?” ಎರಡನೇದು. ಒಂದು ಸಂಜೆ ಕಟ್ಟೆ ಮೇಲೆ ಅಪ್ಪನ ಮುಂದೆ ಕೂತು ಕೇಳ್ತಾ ಹೋದೆ. ಅವ್ವ ಕಡ್ಲಿ ಆರಿಸುತ್ತ ಪಕ್ಕದಲ್ಲಿದ್ದಳು. ಕಾಕಾ ಚಹಾಕ್ಕೆ ಬಂದವನು ಅಲ್ಲೇ ನಿಂತ.

ಎರಡನೇ ಪ್ರಶ್ನೆಗೆ ಅಪ್ಪ ಇಲ್ಲ ಅಂದ. ಕಾಕಾ ಬಾಯಿ ಹಾಕಿದ: “ಏ, ಆ ಕಮಟ ಎಣ್ಣಿ ಡಬ್ಬಿ ತಂದಿದ್ದಿಲ್ಲೇನ? ನಾನ ಬೈದಿದ್ದೆ, ಮೂಗ ಅದನೋ ಇಲ್ಲೋ ಅಂತ.” ಎಲ್ಲರೂ ಸುಮ್ಮನಾದ್ವಿ. ನಾನು ‘ಹೌದು’ ಕಾಲಮ್ಮಿನಲ್ಲಿ ಗೆರೆ ಎಳೆದೆ.

13ನೇ ಪ್ರಶ್ನೆ: “ಸುತ್ತಮುತ್ತ ನಡಿಯೋದ್ರ ಮ್ಯಾಲ, ಮಾಡೋ ಕೆಲಸದ ಮ್ಯಾಲ ಮನಸ್ ಏಳವಲ್ದೇನು?” ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನನ್ನ ನೋಡಲಿಲ್ಲ, ತಮ್ಮನನ್ನ ನೋಡಿ ಅಂದ: “ಹೋಗಬೇಕಂತೀನಿ. ದಿನಾ ಮುಂಜಾನೆ ಹೋಗಬೇಕಂತೀನಿ. ಏಳೂದs ಆಗವಲ್ದು.” ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡ, ಏನೂ ಅನ್ನಲಿಲ್ಲ.

18, 19 ಗಂಡಹೆಂಡಿರ ಸಂಗತಿ. ಅದು ಬಂದಾಗ ಅವ್ವ ನನ್ನ ಕೈಯಿಂದ ಹಾಳೆ ಕಸಿದುಕೊಂಡು, “ನೀ ಚಹಾ ಮಾಡ್ ನಡಿ” ಅಂತ ಒಳಗೆ ಕಳಿಸಿದ್ಳು. ವಾಪಸ್ ಬಂದಾಗ ಎರಡಕ್ಕೂ ಗೆರೆ ಬಿದ್ದಿತ್ತು. ಯಾವ ಕಡೆ ಅಂತ ನಾನು ಇಲ್ಲಿ ಹೇಳೋದಿಲ್ಲ.

20ನೇದು ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರೋದು. ಅದಕ್ಕೂ ಹೌದು. ಈ ರೋಗ ಹೃದಯಕ್ಕೆ ಹೋಗುವ ನರಗಳನ್ನೂ ತಿನ್ನಬಲ್ಲದು, ಜಪಾನಿನಲ್ಲಿ ಎಂ.ಐ.ಬಿ.ಜಿ. ಅಂತ ಹೃದಯದ ಸ್ಕ್ಯಾನ್ ಮಾಡಿ ಪಾರ್ಕಿನ್ಸನ್ ಗುರುತಿಸ್ತಾರೆ. ಮೆದುಳಿನ ಬ್ಯಾನಿಗೆ ಎದೆಯ ಫೋಟೋ! ನಮಗೆ ಅದೂ ಬೇಕಾಗಲಿಲ್ಲ. ಮಲಗಿದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ಬಿ.ಪಿ. ನೋಡಿದರು, ನಿಂತಾಗ ಸರ್ರನೆ ಇಳೀತು. ಅಪ್ಪ ಹದಿನೈದು ವರ್ಷದಿಂದ ನುಂಗುತ್ತಿದ್ದ ಬಿ.ಪಿ. ಗುಳಿಗೆಯನ್ನು ವೈದ್ಯರು ಅರ್ಧ ಮಾಡಿದರು. ನೀವಾಗೇ ಹಿಂಗೆ ಕಡಿಮೆ ಮಾಡಬ್ಯಾಡ್ರಿ, ಕೇಳಿ ಮಾಡ್ರಿ. ಹೊಟ್ಟೆಗೆ ಒಂದು ಪುಡಿ, ಮಲಗೋ ಹೊತ್ತಿಗೆ ಒಂದು ಗುಳಿಗೆ ಬಂತು. ಮಂಚದ ಪಕ್ಕದ ಕಬ್ಬಿಣದ ಪೆಟ್ಟಿಗೆ ಆಚೆ ಹೋಯ್ತು. ಅವ್ವ ಇನ್ನೂ ಅಡುಗೆಮನೆ ಬಾಗಿಲಲ್ಲೇ ಮಲಗ್ತಾಳೆ, ಆದರೆ ರಾತ್ರಿ ಪೂರಾ ನಿದ್ದೆ ಬರ್ತದೆ ಅಂತಾಳೆ.

ಒಟ್ಟು 17 ಹೌದು. ಈ 17ರಲ್ಲಿ ಒಂದೂ ಫೋಟೋ 1ರಲ್ಲಿ ಇಲ್ಲ.

ಈ ಸಲದ ಒಣದ್ರಾಕ್ಷಿ ರೊಕ್ಕ ಇನ್ನೂ ಬಂದಿಲ್ಲ, ಪಾಲಿನ ಮಾತೂ ಮತ್ತೆ ಎದ್ದಿಲ್ಲ. ಮುಂದಿನ ತಿಂಗಳು ಮತ್ತೆ ಬೆಂಗಳೂರಿಗೆ ಹೋಗೋದಿದೆ. ಕಾಕಾ ಮೂರು ಟಿಕೆಟ್ ಅಲ್ಲ ನಾಲ್ಕು ತೆಗೆಸು ಅಂದಿದ್ದಾನೆ. ಯಾಕೆ ಅಂತ ಕೇಳಿದ್ದಕ್ಕೆ, “ಅಂವ ಡಾಕ್ಟರ ಮುಂದ ಎಲ್ಲಾ ಇಲ್ಲ ಇಲ್ಲ ಅಂತಾನ, ಗೊತ್ತಿದ್ದವರು ಒಬ್ಬರು ಬೇಕಲ್ಲ” ಅಂದ.

ಮುಂದಿನ ಭಾಗದಲ್ಲಿ ರೊಟ್ಟಿ, ಬ್ಯಾಳಿ, ಹಾಲು ಮತ್ತು ಗುಳಿಗೆ ಹೊತ್ತಿನ ಲೆಕ್ಕ. 30 ಪ್ರಶ್ನೆಗಳ ಹಾಳೆ ಬೇಕಾದವರು ಕೇಳ್ರಿ, ಕಳಿಸ್ತೀನಿ. ಎಣ್ಣೆ ಕಲೆ ಇಲ್ಲದ ಪ್ರತಿ ಇದೆ.

#ಅರಕೇರಿ #ವಿಜಯಪುರ #ಅಪ್ಪನಸರಣಿ #ಪಾರ್ಕಿನ್ಸನ್